ಹೆರಿಗೆಯಲ್ಲಿ ನೊಂದ ಮಗುವಿಗೆ ಪರಿಹಾರ ಕೇಳಿದರೆ ತಪ್ಪೇ?



ಕಳೆದ ತಿಂಗಳು ನಮ್ಮೂರ ಮಠದಲ್ಲಿ ಶಿವಾನುಭವ ಗೋಷ್ಠಿ ಮುಗಿದು ಪ್ರಸಾದಕ್ಕೆ ಕುಳಿತಿದ್ದೆವು. ಪಕ್ಕದ ಹಳ್ಳಿಯ ದಂಪತಿಯೊಬ್ಬರು, ಹೆರಿಗೆ ಸಮಯದಲ್ಲಿ ತಮ್ಮ ಮಗುವಿಗೆ ಆದ ಹಾನಿಗಾಗಿ, ಆಸ್ಪತ್ರೆಯ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದಾರೆಂಬ ಸುದ್ದಿ ಪಂಕ್ತಿಯಲ್ಲಿ ಬಂತು. ಹಿರಿಯರೊಬ್ಬರು, "ಕೂಸಿನ ನೋವು ಮಾರಿ ರೊಕ್ಕಾ ಮಾಡಾಕ ಹೊಂಟಾರ ನೋಡ್ರಿ. ಪ್ರಾರಬ್ಧ ಯಾರಿಗೆ ಬಿಟ್ಟೈತಿ?" ಎಂದರು. ನಾಲ್ಕೈದು ಜನ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಆದರೆ ಹನ್ನೊಂದು ವರ್ಷಗಳ ಹಿಂದೆ ಇಂಥದೇ ಮಾತಿಗೆ ನಾನೂ ತಲೆಯಾಡಿಸಿದವನು. ಆ ತಪ್ಪನ್ನು ಒಪ್ಪಿಕೊಳ್ಳದೆ ಈ ವಿಷಯ ಬರೆಯುವ ಅಧಿಕಾರ ನನಗಿಲ್ಲ.

ನನ್ನ ತಮ್ಮನ ಮಗಳ ಚೊಚ್ಚಲ ಹೆರಿಗೆ. ತಾಲ್ಲೂಕು ಊರಿನ ಒಂದು ಖಾಸಗಿ ಆಸ್ಪತ್ರೆ. ಒಂಬತ್ತು ತಿಂಗಳು ಯಾವ ತೊಂದರೆಯೂ ಇರಲಿಲ್ಲ, ಎಲ್ಲ ಸ್ಕ್ಯಾನ್ ಸರಿಯಿದ್ದವು. ಸಂಜೆ ಸಲೈನಿನಲ್ಲಿ ನೋವು ಬರುವ ಇಂಜೆಕ್ಷನ್ ಹಾಕಿ ವೈದ್ಯರು ಮನೆಗೆ ಹೋದರು. ರಾತ್ರಿಯೆಲ್ಲ ಇದ್ದವಳು ಒಬ್ಬಳೇ ನರ್ಸ್, ಅವಳಿಗೆ ಮೇಲೂ ಕೆಳಗೂ ಎರಡು ವಾರ್ಡು. ನಸುಕಿನಲ್ಲಿ ವೈದ್ಯರು ಬಂದರು, ಮಗು ಹುಟ್ಟಿತು, ಅಳಲಿಲ್ಲ. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇಟ್ಟರು. ಉಸಿರು ಕಟ್ಟಿ ಮೆದುಳಿಗೆ ಪೆಟ್ಟಾಗಿದೆ ಎಂದರು. ಮುಂದೆ ಅದಕ್ಕೆ ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ಬಂತು.

ಮೊದಲ ಆಸ್ಪತ್ರೆಯ ಬಿಲ್ಲು ಕಟ್ಟಲು ಹೋದವನು ನಾನು. ಕೌಂಟರಿನ ಮೇಲೆ ಕೇಸ್ ಶೀಟ್ ತೆರೆದಿತ್ತು. ಹೊಟ್ಟೆಯಲ್ಲಿರುವ ಮಗುವಿನ ಎದೆಬಡಿತ ಬರೆಯುವ ಹಾಳೆ. ರಾತ್ರಿ 9ರಿಂದ ಬೆಳಗಿನ 5ರವರೆಗೆ ಅರ್ಧ ಗಂಟೆಗೊಂದು ಸಾಲು, ಎಲ್ಲ ಸಾಲಿನಲ್ಲೂ 140. ಒಂದೇ ಪೆನ್ನು, ಒಂದೇ ಓರೆ, ಒಂದೇ ಒತ್ತು. ಮೂವತ್ತು ವರ್ಷ ನೀರಾವರಿ ಇಲಾಖೆಯಲ್ಲಿ ಎಂ.ಬಿ. ಪರಿಶೀಲಿಸಿದವನು ನಾನು. ಕಾಲುವೆಯ ಪಕ್ಕ ನಿಂತು ಟೇಪು ಹಿಡಿದು ಬರೆದ ಅಳತೆ ಪುಸ್ತಕ ಹೇಗಿರುತ್ತದೆ, ಬಿಲ್ಲಿನ ಹಿಂದಿನ ರಾತ್ರಿ ಐ.ಬಿ.ಯಲ್ಲಿ ಕುಳಿತು ತುಂಬಿದ ಎಂ.ಬಿ. ಹೇಗಿರುತ್ತದೆ ಎಂಬುದು ನನ್ನ ಕಣ್ಣಿಗೆ ಗೊತ್ತು. ಆ ಹಾಳೆ ಒಂದೇ ಕೂತಲ್ಲಿ ಬರೆದದ್ದು. ಜೀವಂತ ಕೂಸಿನ ಎದೆಬಡಿತ ಎಂಟು ಗಂಟೆ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ ಎಂದು ತಿಳಿಯಲು ವೈದ್ಯನಾಗಬೇಕಿಲ್ಲ.

ನಾನು ಅದರ ಜೆರಾಕ್ಸ್ ಕೇಳಲಿಲ್ಲ. ಮನೆಗೆ ಬಂದಾಗ ಸಮಾಜದ ಹಿರಿಯರು ಕುಳಿತಿದ್ದರು. ಡಾಕ್ಟರು ನಮ್ಮವರೇ, ಮಠಕ್ಕೆ ಬೇಕಾದವರು, ಕೋರ್ಟು ಹತ್ತಿದರೆ ಸಮಾಜದ ಮರ್ಯಾದೆ ಹೋಗುತ್ತದೆ, ಎಲ್ಲ ಹಣೆಬರಹ ಎಂದರು. ನಾನು ತಲೆಯಾಡಿಸಿದೆ. ದೂರು ಕೊಡಲು ಕಾಯ್ದೆ ಕೊಡುವ ಎರಡು ವರ್ಷ ಮುಗಿಯಿತು. ದಾಖಲೆ ಇಡಬೇಕಾದ ಮೂರು ವರ್ಷವೂ ಮುಗಿಯಿತು. ಮಗುವಿಗೆ ನಾಲ್ಕು ತುಂಬಿದಾಗ ಅದರ ತಾಯಿ ನನ್ನನ್ನು ಕೇಳಿದಳು: "ದೊಡ್ಡಪ್ಪಾ, ಆ ಹಾಳಿ ನೀವು ಕಣ್ಣಾರೆ ನೋಡಿದ್ರಿ. ಆವಾಗ ಯಾಕ ಸುಮ್ಮನಾದ್ರಿ?"

ಹಣೆಬರಹದ ವಿಷಯ ಮೊದಲು ಮುಗಿಸೋಣ. ಜನನಸೂತಕವೂ ಸೇರಿ ಐದು ಸೂತಕಗಳನ್ನು ತೆಗೆದೊಗೆದವರು ನಮ್ಮ ಶರಣರು. ಗರ್ಭದಲ್ಲಿರುವಾಗಲೇ ಕೂಸಿಗೆಂದು ತಾಯಿಗೆ ಲಿಂಗ ಕಟ್ಟುವವರು ನಾವು. ಲಿಂಗ ಹೊತ್ತು ಹುಟ್ಟಿದ ಆ ಕೂಸು ಅಳದಿದ್ದರೆ, ಹಿಂದಿನ ಜನ್ಮದ ಪಾಪ ಎಂದು ಅದರ ತಲೆಗೇ ಕಟ್ಟುತ್ತೇವೆ. ಯಾವ ಧರ್ಮದ ಮಾತಿದು? ಬಸವಾದಿ ಶರಣರ ಧರ್ಮದ್ದಂತೂ ಅಲ್ಲ. ನಾನು ಕಟ್ಟಿಸಿದ ಕಾಲುವೆ ಒಡೆದು ಹೊಲ ಕೊಚ್ಚಿಹೋಗಿದ್ದರೆ ರೈತನ ಪ್ರಾರಬ್ಧ ಎಂದು ಯಾರೂ ನನ್ನನ್ನು ಬಿಡುತ್ತಿರಲಿಲ್ಲ. ಸಿಮೆಂಟೆಷ್ಟು, ಕಾವಲಿಗೆ ಯಾರಿದ್ದರು, ಎಂ.ಬಿ. ಬರೆದವರು ಯಾರು ಎಂದು ಕೇಳುತ್ತಿದ್ದರು. ಕೇಳುವುದೇ ಸರಿ.

ದುಡ್ಡಿನ ಆಸೆ ಎನ್ನುವವರ ಮುಂದೆ ಒಂದು ಎಸ್ಟಿಮೇಟ್ ಇಡುತ್ತೇನೆ. ನಮ್ಮ ಮನೆಯ ಮಗುವಿಗೆ ಫಿಸಿಯೋಥೆರಪಿ, ಫಿಟ್ಸ್ ಮಾತ್ರೆ, ಡೈಪರು, ಬೆಳೆದಂತೆಲ್ಲ ಬದಲಿಸಬೇಕಾದ ಕಾಲಿನ ಸ್ಪ್ಲಿಂಟು, ಓಡಾಟ ಸೇರಿ ತಿಂಗಳಿಗೆ 18,000 ರೂಪಾಯಿ ಬೀಳುತ್ತದೆ. ವರ್ಷಕ್ಕೆ 2,16,000. ಮೂವತ್ತು ವರ್ಷಕ್ಕೆ 64,80,000. ಇದು ಬೆಲೆ ಏರಿಕೆ ಸೇರಿಸದ ಲೆಕ್ಕ. ವರ್ಷಕ್ಕೆ ನೂರಕ್ಕೆ ಆರರಂತೆ ಏರಿದರೂ ಹನ್ನೆರಡು ವರ್ಷಕ್ಕೆ ಖರ್ಚು ಎರಡು ಪಟ್ಟಾಗುತ್ತದೆ. ತಾಯಿ ಶಿಕ್ಷಕಿಯ ಕೆಲಸ ಬಿಟ್ಟಿದ್ದಾಳೆ, ಅದನ್ನು ಹಿಡಿದಿಲ್ಲ. ತಂದೆತಾಯಿ ಇಲ್ಲವಾದ ಮೇಲೆ ಎತ್ತಿ ಮಲಗಿಸುವವರ ಸಂಬಳವನ್ನೂ ಹಿಡಿದಿಲ್ಲ. ಇದರಲ್ಲಿ ಲಾಭದ ಕಲಮು ಯಾವುದು, ತೋರಿಸಿರಿ.

ಸುಪ್ರೀಂ ಕೋರ್ಟು ಈ ಲೆಕ್ಕವನ್ನು ಒಪ್ಪಿದೆ. 1996ರಲ್ಲಿ ಚೆನ್ನೈನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ, 1,250 ಗ್ರಾಂ ತೂಕದ ಹೆಣ್ಣುಮಗು. ಇಂಥ ಮಕ್ಕಳಿಗೆ ಕಣ್ಣಿನ ಅಕ್ಷಿಪಟಲದ ತಪಾಸಣೆ ಆಗಲೇಬೇಕು. ಯಾರೂ ಮಾಡಲಿಲ್ಲ, ಮಾಡಿಸಿರೆಂದು ಹೇಳಲೂ ಇಲ್ಲ, ಮಗು ಕುರುಡಾಯಿತು. ರಾಷ್ಟ್ರೀಯ ಗ್ರಾಹಕರ ಆಯೋಗ 5 ಲಕ್ಷ ಕೊಡಿಸಿತು. ಆ ತಂದೆ ಸುಮ್ಮನಾಗಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು, ಮುಂದಿನ ವೈದ್ಯಕೀಯ ಖರ್ಚನ್ನೂ ಬೆಲೆ ಏರಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಒಟ್ಟು 1.8 ಕೋಟಿ ರೂಪಾಯಿ ಕೊಡಿಸಿತು. ಹಣದ ಬಹುಪಾಲನ್ನು ತಮಿಳುನಾಡು ಸರ್ಕಾರವೇ ತೆರಬೇಕಾಯಿತು. ಹತ್ತೊಂಬತ್ತು ವರ್ಷ ಹಿಡಿಯಿತು ಎಂಬುದು ನಮ್ಮ ನ್ಯಾಯಾಲಯಗಳ ದುರವಸ್ಥೆ. ಆದರೆ ಆ ತಂದೆಯನ್ನು ದುರಾಸೆಯವನು ಎನ್ನಲು ಯಾರಿಗೆ ನಾಲಿಗೆ ಬಂದೀತು?

ಆಯ್ದಕ್ಕಿ ಲಕ್ಕಮ್ಮನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಲು ಬಂದವರೂ ಇದ್ದಾರೆ. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ತಂದಲ್ಲೇ ಸುರಿದು ಬಾ ಎಂದ ತಾಯಿ ಆಕೆ. ಹೌದು, ಆ ಕಥೆಯನ್ನೇ ಹಿಡಿಯೋಣ. ರಾತ್ರಿಯಿಡೀ ನಿಗಾ ಇಟ್ಟೆವೆಂದು ಬಿಲ್ಲಿನಲ್ಲಿ ಹಣ ತೆಗೆದುಕೊಂಡವರು ಯಾರು? ಮಾಡದ ಕಾಯಕಕ್ಕೆ ಕೂಲಿ ಪಡೆದವರು ಯಾರು? ಲಕ್ಕಮ್ಮ ತಿರುಗಿ ಕಳಿಸುತ್ತಿದ್ದುದು ಆಸ್ಪತ್ರೆಯ ಗಲ್ಲಾಪೆಟ್ಟಿಗೆಯನ್ನು, ತಾಯಿಯ ಅರ್ಜಿಯನ್ನಲ್ಲ.

ವೈದ್ಯರ ಪರವಾಗಿಯೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಬಹಳಷ್ಟು ಮಕ್ಕಳಿಗೆ ಅದು ಹೆರಿಗೆ ಕೋಣೆಯಲ್ಲಿ ಬಂದದ್ದಲ್ಲ. ಗರ್ಭದಲ್ಲೇ ಆದ ಸೋಂಕು, ಅವಧಿಗೆ ಮೊದಲಿನ ಜನನ, ಹೀಗೆ ಬೇರೆ ಕಾರಣಗಳೂ ಇವೆ. ಎಲ್ಲ ಎಚ್ಚರ ವಹಿಸಿದ ವೈದ್ಯರ ಕೈಯಲ್ಲೂ ಕೆಟ್ಟದ್ದು ನಡೆಯುತ್ತದೆ. ಅಂಥವರ ಮೇಲೆ ಕಲ್ಲು ತೂರುವುದು, ಆಸ್ಪತ್ರೆ ಒಡೆಯುವುದು ಶುದ್ಧ ಗೂಂಡಾಗಿರಿ. ಹೆರಿಗೆ ನೋವು ಶುರುವಾದ ಮೇಲೆ 15ರಿಂದ 30 ನಿಮಿಷಕ್ಕೊಮ್ಮೆ, ಕೊನೆಯ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೇಳಿ, ಕೇಳಿದ್ದನ್ನು ಆಗಲೇ ಬರೆದಿಟ್ಟ ವೈದ್ಯರಿಗೆ ಆ ಹಾಳೆಯೇ ರಕ್ಷೆ. ತನಿಖೆಗೆ ಹೆದರಬೇಕಾದವರು ಬೆಳಿಗ್ಗೆ ಕುಳಿತು ಬರೆದವರು ಮಾತ್ರ.

ಜಪಾನಿನವರು ಇದಕ್ಕೆ ಬೇರೆ ದಾರಿ ಹುಡುಕಿದರು. 2009ರಿಂದ ಅಲ್ಲಿ, ಹೆರಿಗೆಗೆ ಸಂಬಂಧಿಸಿದ ತೀವ್ರ ಸೆರೆಬ್ರಲ್ ಪಾಲ್ಸಿ ಇದ್ದು ನಿಯಮದೊಳಗೆ ಬರುವ ಮಗುವಿಗೆ, ತಪ್ಪು ಯಾರದೆಂದು ಕೋರ್ಟಿನಲ್ಲಿ ಸಾಬೀತು ಮಾಡದೆಯೇ 3 ಕೋಟಿ ಯೆನ್ ಸಿಗುತ್ತದೆ. ಒಂದಿಷ್ಟು ಮೊದಲೇ, ಉಳಿದದ್ದು ಇಪ್ಪತ್ತು ವರ್ಷಗಳ ಕಂತಿನಲ್ಲಿ. ಎಂಜಿನಿಯರನಾದ ನನಗೆ ಅದರಲ್ಲಿ ಹೆಚ್ಚು ಹಿಡಿಸಿದ್ದು ಹಣವಲ್ಲ. ಪ್ರತಿ ಪ್ರಕರಣದ ಕಾರಣ ಹುಡುಕಿ ವರದಿ ಬರೆದು ತಂದೆತಾಯಿಗೂ ಆಸ್ಪತ್ರೆಗೂ ಕೊಡುತ್ತಾರೆ, ಅದರಿಂದ ಮುಂದಿನ ಹೆರಿಗೆಗೆ ಪಾಠ ತೆಗೆಯುತ್ತಾರೆ. ನಮ್ಮ ಸರ್ಕಾರ ಅದನ್ನು ಮಾಡುವವರೆಗೆ ನಮಗಿರುವುದು ಗ್ರಾಹಕರ ಆಯೋಗ.

ಅದು ಸಣ್ಣ ಬಾಗಿಲೇನಲ್ಲ. ಹಣ ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೆಲವರಿಂದ ಹಣ ಪಡೆದು ಬಡವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಆ ಬಡವರೂ ಗ್ರಾಹಕರೇ. ಎಲ್ಲರಿಗೂ ಪೂರ್ತಿ ಉಚಿತವಾದ ಕಡೆ ಸಿವಿಲ್ ಕೋರ್ಟಿನ ದಾರಿ. ಕೊಟ್ಟ ಬಿಲ್ಲು 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಂತೆ, ಒಳರೋಗಿಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿರಿ. ಅರ್ಜಿ ಬರೆದು, ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಕೇಳಿರಿ.

ಇನ್ನು ನಮ್ಮ ಮಠಗಳಿಗೆ ಒಂದು ಬಿನ್ನಹ. ನಾಡಿನ ದೊಡ್ಡ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಎಷ್ಟೋ ನಮ್ಮ ಮಠಗಳವೇ, ನಮ್ಮ ಸಮಾಜದವೇ. ಅದು ನಮ್ಮ ಹೆಮ್ಮೆ. ಹಾಗಿರುವಾಗ ಈ ಕೆಲಸ ಮೊದಲು ಅಲ್ಲಿಂದಲೇ ಶುರುವಾಗಲಿ. ಹೆರಿಗೆಯಾದ ಪ್ರತಿ ತಾಯಿಗೆ, ಕೇಳದಿದ್ದರೂ, ಮನೆಗೆ ಹೋಗುವಾಗ ಕೇಸ್ ಶೀಟಿನ ಪ್ರತಿ ಕೊಡಲಿ. ಮಗುವಿಗೆ ಪೆಟ್ಟಾದಾಗ ಬೇರೆ ಸಂಸ್ಥೆಯ ವೈದ್ಯರಿಂದ ಪರಿಶೀಲನೆ ಮಾಡಿಸಲಿ. ಪೂಜ್ಯರ ಸನ್ನಿಧಿಗೆ ರಾಜಿಗೆಂದು ಬರುವ ಆಸ್ಪತ್ರೆಯ ಮಾಲೀಕರಿಗೆ ಪೂಜ್ಯರು ಮೊದಲು ಕೇಳಬೇಕಾದ ಪ್ರಶ್ನೆ, ಆ ಹಾಳೆಯ ಪ್ರತಿ ತಾಯಿಯ ಕೈಗೆ ಸಿಕ್ಕಿತೇ ಎಂಬುದು. ನಮ್ಮವರ ಆಸ್ಪತ್ರೆ ಎಂದು ದೂರನ್ನು ಅಡಗಿಸಿದರೆ, ಆ ಕೂಸು ಯಾರವರದು?

ನಮ್ಮ ಮಗು ಈಗ ಹನ್ನೊಂದು ವರ್ಷದವನು. ನನ್ನ ಧ್ವನಿ ಕೇಳಿದರೆ ನಗುತ್ತಾನೆ. ಅವನಿಗೆ ನಾನು ಕೊಡಿಸಬೇಕಾಗಿದ್ದದ್ದನ್ನು ಇನ್ನು ಕೊಡಿಸಲಾರೆ. ಪ್ರತಿ ಅಮಾವಾಸ್ಯೆಯ ಗೋಷ್ಠಿಯ ನಂತರ ಮಠದ ಪ್ರಸಾದ ನಿಲಯದ ಕಟ್ಟೆಯ ಮೇಲೆ ಕುಳಿತಿರುತ್ತೇನೆ. ಹೆರಿಗೆಯಾಗಿ ಎರಡು ವರ್ಷ ತುಂಬಿಲ್ಲದವರು ಕೈಗೆ ಸಿಕ್ಕ ಕಾಗದವನ್ನೆಲ್ಲ ತೆಗೆದುಕೊಂಡು ಬನ್ನಿರಿ. ಅರ್ಜಿ ಬರೆದುಕೊಡುತ್ತೇನೆ, ಆಯೋಗದ ಬಾಗಿಲವರೆಗೆ ಜೊತೆಗೆ ಬರುತ್ತೇನೆ.