ಡೈನೋಸಾರ್ ಮೂಳೆಗೂ ಲೆಕ್ಕ ಬೇಕು

ಮಕ್ಕಳೇ, ಕೊರಟಗೆರೆಯ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ತಾತ, ನಮ್ಮ ಕಡೆ ಇಷ್ಟೊಂದು ಬೆಟ್ಟಗುಡ್ಡ ಇವೆಯಲ್ಲ, ಅಗೆದರೆ ಡೈನೋಸಾರ್ ಮೂಳೆ ಸಿಗುತ್ತದಾ?"

ಸಿಗುವುದಿಲ್ಲ ಮಗಳೇ. ಯಾಕೆ ಅಂತ ಹೇಳುತ್ತೇನೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಎಲ್ಲವೂ ಲೆಡ್ಜರಿನ ಹಾಗೇ ಕಾಣುತ್ತದೆ. ಭೂಮಿಗೂ ಒಂದು ಲೆಡ್ಜರ್ ಇದೆ ಅಂದುಕೊಳ್ಳಿ. ಪುಟಕ್ಕೆ ಒಂದು ಕೋಟಿ ವರ್ಷ. ಇವತ್ತಿನಿಂದ ಹಿಂದಕ್ಕೆ ತಿರುವಿದರೆ 7ನೇ ಪುಟದಲ್ಲೇ ಡೈನೋಸಾರ್‌ಗಳ ಖಾತೆ ಮುಗಿದಿರುತ್ತದೆ; ಹಕ್ಕಿಗಳಾಗಿ ಉಳಿದವನ್ನು ಬಿಟ್ಟರೆ ಅವು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಆ ಖಾತೆ ತೆರೆದದ್ದು ಸುಮಾರು 23ನೇ ಪುಟದಲ್ಲಿ. ನಮ್ಮ ಮಧುಗಿರಿ ಏಕಶಿಲಾ ಬೆಟ್ಟದ ಕಲ್ಲು ಯಾವ ಪುಟದಲ್ಲಿದೆ ಗೊತ್ತೇ? ಸುಮಾರು 250ನೇ ಪುಟದಲ್ಲಿ! ರಾಮನಗರದಿಂದ ಮಧುಗಿರಿ, ಪಾವಗಡದ ಕಡೆಗೆ ಸಾಲಾಗಿ ಹಬ್ಬಿರುವ ಈ ಕಲ್ಲಿಗೆ ರಾಮನಗರದ ಹಳೆಯ ಹೆಸರೇ ಉಳಿದಿದೆ: ಕ್ಲೋಸ್‌ಪೇಟ್ ಗ್ರಾನೈಟ್. ಶಿರಾ ಸುತ್ತಿನ ಪಟ್ಟೆಪಟ್ಟೆ ಕಲ್ಲು ಅದಕ್ಕಿಂತಲೂ ಹಳೆಯದು.

ಅಷ್ಟೇ ಅಲ್ಲ, ಗ್ರಾನೈಟ್ ಎಂಬುದು ನೆಲದಾಳದಲ್ಲಿ ಕರಗಿ ಕುದಿದು ಆಮೇಲೆ ಗಟ್ಟಿಯಾದದ್ದು. ಅದರಲ್ಲಿ ಮೂಳೆ ಉಳಿಯುವುದಿಲ್ಲ. ಮೂಳೆ ಕಲ್ಲಾಗಬೇಕಾದರೆ ಕೆರೆಯ ಹೂಳಿನಂಥ ಕೆಸರು, ಮರಳು ಅದನ್ನು ಬೇಗ ಮುಚ್ಚಬೇಕು. ನಮ್ಮ ಬೆಟ್ಟದ ಬುಡದಲ್ಲಿ ಮೊಟ್ಟೆಯ ಹಾಗೆ ಕೂತಿರುವ ಗುಂಡುಗಳನ್ನು ನೋಡಿ ಮೋಸ ಹೋಗಬೇಡಿ. ಬಿಸಿಲು ಮಳೆಗೆ ಬಂಡೆ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಕಳಚಿ ಹಾಗೆ ದುಂಡಗಾಗಿದೆ.

ಮೂಳೆ ಸಿಗುವ ಜಾಗವೇ ಬೇರೆ. ಮೆದುಕಲ್ಲಿನ ನೆಲವನ್ನು ಮಳೆನೀರು ಕೊರೆದು ಕೊರೆದು ದಿಬ್ಬ, ಕಂದರ, ಕೊರಕಲು ಮಾಡಿರುತ್ತದೆ. ಬೇಸಾಯಕ್ಕೆ ಬಾರದ ಇಂಥ ಕೊರಕಲು ನಾಡಿನಲ್ಲಿ ಅಗೆಯುವ ಕೆಲಸವನ್ನು ಅರ್ಧ ಮಳೆಯೇ ಮಾಡಿಟ್ಟಿರುತ್ತದೆ. ಕೆನಡಾದ ಆಲ್ಬರ್ಟಾದಲ್ಲಿ 1884ರಲ್ಲಿ ಜೋಸೆಫ್ ಟೈರೆಲ್ ಕಲ್ಲಿದ್ದಲು ಹುಡುಕುತ್ತಾ ಹೋದಾಗ ರೆಡ್ ಡಿಯರ್ ನದಿಯ ಕೊರಕಲಿನಲ್ಲಿ ಮಾಂಸಾಹಾರಿ ಡೈನೋಸಾರ್‌ನ ತಲೆಬುರುಡೆ ಕಂಡಿತು. ಇವತ್ತು ಅಲ್ಲಿ ಅವರ ಹೆಸರಿನಲ್ಲೇ ದೊಡ್ಡ ವಸ್ತುಸಂಗ್ರಹಾಲಯವಿದೆ.

ನಮ್ಮ ದೇಶದ ಲೆಕ್ಕ ಅದಕ್ಕಿಂತಲೂ ಹಳೆಯದು. ಠಕ್ಕರನ್ನು ಹಿಡಿದು ಹೆಸರಾದ ವಿಲಿಯಂ ಸ್ಲೀಮನ್ ಎಂಬ ಕಂಪನಿ ಅಧಿಕಾರಿಗೆ 1828ರಲ್ಲಿ ಜಬಲ್ಪುರದ ಬಾರಾ ಸಿಮ್ಲಾ ಗುಡ್ಡದಲ್ಲಿ ಕಲ್ಲಾದ ಬೆನ್ನುಮೂಳೆಗಳು ಸಿಕ್ಕವು. 'ಡೈನೋಸಾರ್' ಎಂಬ ಪದ ಹುಟ್ಟಲು ಇನ್ನೂ 14 ವರ್ಷವಿತ್ತು! ಮೂಳೆಗಳು ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಕೈ ಸೇರಿದವು. ಮುಂದೆ ಅಶೋಕನ ಬ್ರಾಹ್ಮೀ ಲಿಪಿಯನ್ನು ಓದಿದವರು ಇವರೇ. 1877ರಲ್ಲಿ ರಿಚರ್ಡ್ ಲಿಡೆಕರ್ ಈ ಪ್ರಾಣಿಗೆ 'ಟೈಟಾನೋಸಾರಸ್ ಇಂಡಿಕಸ್' ಎಂದು ಹೆಸರಿಟ್ಟರು. ಆಮೇಲೆ ಮೂಳೆ ಎಲ್ಲಿ ಹೋಯಿತೋ ಯಾರಿಗೂ ತಿಳಿಯದಾಯಿತು. ಕೊನೆಗೆ 2012ರಲ್ಲಿ ಅದೇ ಕೋಲ್ಕತ್ತದ ಸಂಗ್ರಹದಲ್ಲಿ ಪತ್ತೆಯಾಯಿತು. ಆರೂವರೆ ಕೋಟಿ ವರ್ಷ ನೆಲದಲ್ಲಿ ಕೆಡದೆ ಇದ್ದದ್ದು ನಮ್ಮ ಕಪಾಟಿನಲ್ಲಿ ಕಳೆದುಹೋಗಿತ್ತು!

ಅದರ ಅದೃಷ್ಟ ಎಲ್ಲ ಮೂಳೆಗೂ ಇರುವುದಿಲ್ಲ. ತಮಿಳುನಾಡಿನ ಅರಿಯಲೂರು ಸೀಮೆಯ ಕಲ್ಲಮೇಡಿನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಯಾದಗಿರಿ ಮತ್ತು ಅಯ್ಯಸಾಮಿ ಅವರಿಗೆ ಭಾರಿ ಮೂಳೆಗಳು ಸಿಕ್ಕವು. ಒಂದು ಕಾಲುಮೂಳೆಯೇ 2 ಮೀಟರ್ ಉದ್ದ, ಅಂದರೆ ನಿಮ್ಮ ಅಪ್ಪನಿಗಿಂತ ಎತ್ತರ. ಇಟ್ಟ ಹೆಸರು ನಿಮಗೆ ಅರ್ಥವಾಗುತ್ತದೆ: ಬೃಹತ್ಕಾಯೋಸಾರಸ್. ಆದರೆ ಸುತ್ತಲಿನ ಜೇಡಿ ಮಳೆಗೆ ಹಿಗ್ಗಿ, ಬಿಸಿಲಿಗೆ ಬಿರಿದು, ಮೂಳೆಗಳು ಪುಡಿಪುಡಿಯಾದವು. ಅದು ಮೂಳೆಯೇ ಅಲ್ಲ, ಕಲ್ಲಾದ ಮರ ಎಂದವರೂ ಇದ್ದರು. ಪರೀಕ್ಷೆ ಮಾಡೋಣವೆಂದರೆ ವಸ್ತುವೇ ಇಲ್ಲ. 2022ರಲ್ಲಿ ಹಳೆಯ ಫೋಟೋಗಳು ಪ್ರಕಟವಾದ ಮೇಲೆ ಮೂಳೆಯೇ ಇರಬೇಕು ಎಂಬ ಮಾತಿಗೆ ಬಲ ಬಂತು. ಆಗ ಯಾರೋ ತೆಗೆದಿಟ್ಟ ನಾಲ್ಕು ಫೋಟೋ ಎಷ್ಟು ಕೆಲಸಕ್ಕೆ ಬಂತು ನೋಡಿ. ವೋಚರ್ ಇಲ್ಲದೆ ಲೆಕ್ಕ ತಾಳೆಯಾಗುವುದಿಲ್ಲ ಎಂದು ನಮ್ಮ ಕೆಲಸದಲ್ಲಿ ಹೇಳುತ್ತಿದ್ದುದು ಇದಕ್ಕೇ.

ಇನ್ನೊಂದು ಕಡೆ ಭಕ್ತಿ ಕಾಪಾಡಿತು. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಪಾಡ್ಲ್ಯಾ ಊರಿನವರು ಹೊಲದಲ್ಲಿ ಸಿಕ್ಕ ದುಂಡುಕಲ್ಲುಗಳನ್ನು ಕುಲದೇವರೆಂದು ಪೂಜಿಸುತ್ತಿದ್ದರು. ಅವು ಡೈನೋಸಾರ್ ಮೊಟ್ಟೆಗಳು ಎಂಬ ಸುದ್ದಿ 2023ರಲ್ಲಿ ಬಂತು.

ಇಡೀ ಅಸ್ಥಿಪಂಜರ ನೋಡುವ ಆಸೆಯಿದ್ದರೆ ರಜೆಯಲ್ಲಿ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಎಂದು ಅಪ್ಪ ಅಮ್ಮನನ್ನು ಕೇಳಿ. ತೆಲಂಗಾಣದಲ್ಲಿ ಸಿಕ್ಕ ಕೋಟಾಸಾರಸ್ ಅಲ್ಲಿ ನಿಂತಿದೆ.

ನಮ್ಮ ನಾಲ್ಕು ತಾಲ್ಲೂಕಿನ ಹೊಲ, ಕೆರೆ ಏರಿಗಳಲ್ಲಿ ಡೈನೋಸಾರ್ ಸಿಗದಿದ್ದರೂ ವೀರಗಲ್ಲು, ಮಾಸ್ತಿಕಲ್ಲು, ಅಕ್ಷರ ಕೆತ್ತಿದ ಬಂಡೆ ಕಾಣಬಹುದು. ಕಂಡರೆ ಕೀಳಬೇಡಿ, ಬಣ್ಣ ಬಳಿಯಬೇಡಿ. ಪಕ್ಕದಲ್ಲಿ ಸ್ಕೇಲು ಇಟ್ಟು ಫೋಟೋ ತೆಗೆಯಿರಿ. ಊರು, ಹೊಲದ ಗುರುತು, ತಾರೀಖು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮೇಷ್ಟರಿಗೆ ತೋರಿಸಿ. ಬರೆದದ್ದನ್ನು ನನಗೂ ಕಳಿಸಿ, ಓದಲು ಕಾಯುತ್ತಿರುತ್ತೇನೆ.