ನೆನಪಿನ ಆಟ ಆಡಿಸಿದರೆ ಮಗುವಿಗೆ ಓದಿದ್ದು ಅರ್ಥವಾಗುತ್ತದೆಯೇ?

‘ದಿನಕ್ಕೆ ಹತ್ತು ನಿಮಿಷ ಈ ಆಟ ಆಡಿಸಿ, ನೆನಪಿನ ಶಕ್ತಿ ಹೆಚ್ಚಿ ಮಗುವಿಗೆ ಓದಿದ್ದೆಲ್ಲ ಅರ್ಥವಾಗುತ್ತದೆ’ ಎನ್ನುವಂಥ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಇದರಲ್ಲಿ ಅರ್ಧ ಮಾತ್ರ ನಿಜ. ಯಾವ ಅರ್ಧ ಎಂದು ನೋಡೋಣ.

ಈಗಷ್ಟೇ ಓದಿದ್ದನ್ನು ಕೆಲವು ಸೆಕೆಂಡು ಹಿಡಿದಿಟ್ಟುಕೊಂಡು ಮುಂದಿನದಕ್ಕೆ ಜೋಡಿಸುವ ನೆನಪಿಗೆ ‘ವರ್ಕಿಂಗ್ ಮೆಮೊರಿ’ ಎನ್ನುತ್ತಾರೆ. ಇದರಲ್ಲಿ ಜಾಗ ಬಹಳ ಕಡಿಮೆ.

‘ಅಜ್ಜಿ ಸಂತೆಯಲ್ಲಿ ಕೊಂಡು ತಂದ ಮಡಕೆಯನ್ನು ತಮ್ಮ ಒಡೆದ’ ಎಂಬ ವಾಕ್ಯ ನೋಡಿ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಅಜ್ಜಿ, ಮಡಕೆ, ತಮ್ಮ ಮೂವರೂ ತಲೆಯಲ್ಲಿರಬೇಕು. ‘ಮ...ಡ...ಕೆ’ ಎಂದು ಅಕ್ಷರ ಕೂಡಿಸಿ ಓದುವ ಮಗು, ಕೊನೆ ಮುಟ್ಟುವಷ್ಟರಲ್ಲಿ ಅಜ್ಜಿಯನ್ನು ಮರೆತಿರಬಹುದು.

1980ರಲ್ಲಿ ಡೇನ್‌ಮನ್ ಮತ್ತು ಕಾರ್ಪೆಂಟರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಂದ ಸಾಲಾಗಿ ಹಲವು ವಾಕ್ಯ ಓದಿಸಿ, ಪ್ರತಿ ವಾಕ್ಯದ ಕೊನೆಯ ಪದ ಕೇಳಿದರು. ಹೆಚ್ಚು ಪದ ನೆನಪಿಟ್ಟವರೇ ಪಠ್ಯವನ್ನೂ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ಹಾಗಾಗಿ ನೆನಪಿಗೂ ಓದಿಗೂ ನಂಟಿರುವುದು ನಿಜ.

ಆದರೆ ಆಟದಿಂದ ಓದು ಸುಧಾರಿಸುತ್ತದೆಯೇ? 2016ರಲ್ಲಿ ಸಂಶೋಧಕರು ಇಂಥ ತರಬೇತಿಯ ಬಗೆಗಿನ 87 ಪ್ರಬಂಧಗಳನ್ನು ಒಟ್ಟಿಗೆ ಪರಿಶೀಲಿಸಿದರು. ಆಡಿದವರು ಅಂಥದೇ ಆಟಗಳಲ್ಲಿ ಚುರುಕಾಗಿದ್ದರು. ಓದಿ ಅರ್ಥಮಾಡಿಕೊಳ್ಳುವ ಶಕ್ತಿ ಹೆಚ್ಚಿತೆನ್ನಲು ಗಟ್ಟಿ ಪುರಾವೆ ಸಿಗಲಿಲ್ಲ.

ಹಾಗಾದರೆ ದಾರಿ ಏನು? 1988ರಲ್ಲಿ ಅಮೆರಿಕದ ರೆಕ್ಟ್ ಮತ್ತು ಲೆಸ್ಲಿ, 7 ಮತ್ತು 8ನೇ ತರಗತಿಯ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡರು. ವಿಷಯ ಮೊದಲೇ ತಿಳಿದಿದ್ದರೆ ವರ್ಕಿಂಗ್ ಮೆಮೊರಿಯ ಹೊರೆ ಇಳಿಯುತ್ತದೆ. ಅಕ್ಷರ ಸರಾಗವಾಗಿ ಓದಲು ಬಂದರೂ ಅಷ್ಟೇ.

ಆದ್ದರಿಂದ ಆ ಆ್ಯಪ್‌ಗೆ ದುಡ್ಡು ಕಟ್ಟುವ ಬದಲು ಹೀಗೆ ಮಾಡಬಹುದು:

• ದಿನವೂ ಸ್ವಲ್ಪ ಹೊತ್ತು ಮಗುವಿನಿಂದ ಗಟ್ಟಿಯಾಗಿ ಓದಿಸಿ.
• ಪಾಠಕ್ಕೆ ಮೊದಲೇ ಆ ವಿಷಯ ಮಾತಾಡಿ, ಹೊಸ ಪದಗಳ ಅರ್ಥ ಹೇಳಿ.
• ಉದ್ದ ವಾಕ್ಯವನ್ನು ಒಡೆದು, ‘ಯಾರು? ಏನು ಮಾಡಿದರು?’ ಎಂದು ಕೇಳಿ.

ಇಷ್ಟಾದರೂ ಮಗು ಓದಲು ಬಹಳ ಕಷ್ಟಪಡುತ್ತಿದ್ದರೆ ‘ಸೋಮಾರಿ’ ಎಂದು ಗದರಬೇಡಿ. ಕಣ್ಣು, ಕಿವಿ ಪರೀಕ್ಷೆ ಮಾಡಿಸಿ; ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಂದರೆ ಇದೆಯೇ ಎಂದು ತಜ್ಞರನ್ನು ಕೇಳಿ. ಆ ಸಂದೇಶ ಮತ್ತೆ ಬಂದರೆ, ಮುಂದೆ ಕಳಿಸುವ ಮೊದಲು ಇಷ್ಟನ್ನೂ ಜೊತೆಗೆ ತಿಳಿಸಿ.