ಶಿಲೀಂಧ್ರನಾಶಕ: ಎಚ್ಚರಿಕೆ ಯಾವ ಭಾಷೆಯಲ್ಲಿ?

ಅತ್ತಿಬೆಲೆ ದಾಟಿದೊಡನೆ ಸಿಗುವ ತಮಿಳುನಾಡಿನ ಗಡಿ ಊರು ಜೂಜುವಾಡಿ. ಹೊಸೂರು, ರಾಯಕೋಟೆಗಳ ಆ ಸೀಮೆಯಲ್ಲಿ ಟೊಮೆಟೊ, ಗುಲಾಬಿ ಬೇಸಾಯ ಹೇರಳ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಕರ್ನಾಟಕದ ಹೊರಗುಳಿದ ಕನ್ನಡಿಗರು ಅಲ್ಲಿದ್ದಾರೆ. ನಾವು ಅಡಿಕೆಯ ಮಹಾಳಿಗೆ ಮೈಲುತುತ್ತು, ಸುಣ್ಣಗಳ ಬೋರ್ಡೋ ದ್ರಾವಣ ಬಿಡುತ್ತೇವೆ. ಟೊಮೆಟೊದ ಅಂಗಮಾರಿಗೆ ರೈತರು ಬಹುಕಾಲದಿಂದ ನೆಚ್ಚಿರುವುದು ಮ್ಯಾಂಕೋಜೆಬ್ ಪುಡಿಯನ್ನು.

ಈ ಮ್ಯಾಂಕೋಜೆಬ್ ವಿಘಟನೆಗೊಂಡಾಗ ಎಥಿಲೀನ್ ಥಯೋಯೂರಿಯ ಎಂಬ ರಾಸಾಯನಿಕ ಹುಟ್ಟುತ್ತದೆ. ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮವು 1992ರಲ್ಲಿ ಪ್ರಕಟಿಸಿದ ವರದಿಯಂತೆ, ಇದನ್ನು ಆಹಾರದಲ್ಲಿ ತಿನ್ನಿಸಿದ ಸಣ್ಣ ಇಲಿಗಳ ಥೈರಾಯ್ಡ್, ಯಕೃತ್ತು ಮತ್ತು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗಳಲ್ಲಿ ಗೆಡ್ಡೆಗಳು ಹೆಚ್ಚಿದವು. ಕಾರಣ ಊಹಿಸುವುದು ಕಷ್ಟವಲ್ಲ. ಈ ರಾಸಾಯನಿಕ ಥೈರಾಯ್ಡ್ ರಸದ ಉತ್ಪತ್ತಿಯನ್ನು ತಡೆಯುತ್ತದೆ. ರಸ ಸಾಲದೆಂದು ಅರಿತ ಪಿಟ್ಯುಟರಿ, ಥೈರಾಯ್ಡನ್ನು ಎಬ್ಬಿಸುವ ಪ್ರಚೋದಕವನ್ನು ಬಿಡುವು ಇಲ್ಲದೆ ಸುರಿಸುತ್ತದೆ. ಹೀಗೆ ದುಡಿದು ದುಡಿದು ಎರಡು ಗ್ರಂಥಿಗಳೂ ಊದಿಕೊಳ್ಳುತ್ತವೆ.

ಹಾಗೆಂದು ಮನುಷ್ಯರಿಗೂ ಇದೇ ಗತಿಯೆಂದು ಹೆದರಿಸುವುದು ಸರಿಯಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2001ರಲ್ಲಿ, ಮನುಷ್ಯರಲ್ಲಿ ಇದು ಕ್ಯಾನ್ಸರ್ ತರುತ್ತದೆಂದು ವರ್ಗೀಕರಿಸಲು ಆಧಾರ ಸಾಲದೆಂದಿತು. ಆದರೂ ಐರೋಪ್ಯ ಒಕ್ಕೂಟವು 2020ರ ಡಿಸೆಂಬರಿನಲ್ಲಿ ಮ್ಯಾಂಕೋಜೆಬ್‌ನ ಅನುಮತಿಯನ್ನು ನವೀಕರಿಸಲು ನಿರಾಕರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಭಾರತ ಸರಕಾರ ನಿಷೇಧಿಸಲು ಹೊರಟ 27 ಕೀಟನಾಶಕಗಳ ಕರಡು ಪಟ್ಟಿಯಲ್ಲಿಯೂ ಇದಿತ್ತು. 2023ರ ಅಂತಿಮ ಆದೇಶದಲ್ಲಿ ಮಾತ್ರ ಪೂರ್ಣ ನಿಷೇಧ ಬರಲಿಲ್ಲ.

ಪೊಟ್ಟಣದ ಮೇಲಿನ ತ್ರಿಕೋನದ ಬಣ್ಣವನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಅದು ಹೇಳುವುದು ತಕ್ಷಣದ ವಿಷದ ಮಾತನ್ನು. ವರ್ಷಾನುಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಸೇರುವುದರ ಮಾತನ್ನಲ್ಲ. ಉಳಿದ ಎಚ್ಚರಿಕೆಯೆಲ್ಲ ಸಣ್ಣ ಅಕ್ಷರಗಳಲ್ಲಿದೆ. 1971ರ ಕೀಟನಾಶಕ ನಿಯಮಗಳು ಅದು ಹಿಂದಿ, ಇಂಗ್ಲಿಷುಗಳ ಜತೆಗೆ ಆ ಪ್ರದೇಶದಲ್ಲಿ ಬಳಕೆಯಲ್ಲಿರುವ ಒಂದೆರಡು ಭಾಷೆಗಳಲ್ಲಿರಬೇಕು ಎನ್ನುತ್ತವೆ. ಜೂಜುವಾಡಿಯಲ್ಲಿ ತಮಿಳು, ಕಾಸರಗೋಡಿನಲ್ಲಿ ಮಲಯಾಳ ಇದ್ದರೆ ಸಾಲದು. ಎರಡೂ ಕಡೆ ಕನ್ನಡವೂ ಬಳಕೆಯಲ್ಲಿರುವ ಭಾಷೆಯೇ. ಇದು ಭಾಷಾಭಿಮಾನದ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ನಮ್ಮ ಜಿಲ್ಲೆ 2000ದ ತನಕ ಕಂಡಿತು. ಸರ್ವೋಚ್ಚ ನ್ಯಾಯಾಲಯದ ತಡೆ ಬಂದುದು 2011ರಲ್ಲಿ. ತಡವಾಗಿ ಬಂದ ಎಚ್ಚರಿಕೆಗೆ ತೆತ್ತ ಬೆಲೆಯೇನೆಂದು ಪಡ್ರೆ, ಎಣ್ಮಕಜೆಯ ಮನೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆದುದರಿಂದ ಅಂಗಡಿಯಲ್ಲಿ ಕನ್ನಡದ ಕರಪತ್ರ ಕೇಳಿ ಪಡೆಯೋಣ. ಸಿಂಪಡಿಸುವಾಗ ಮೂಗು, ಬಾಯಿ, ಕೈಗಳಿಗೆ ರಕ್ಷಣೆಯಿರಲಿ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಹೇಳಿದಷ್ಟು ದಿನ ಕಳೆಯಲಿ. ಕಾಯಿಸಿದಾಗ ಮ್ಯಾಂಕೋಜೆಬ್‌ನ ಶೇಷ ಎಥಿಲೀನ್ ಥಯೋಯೂರಿಯವಾಗಿ ಮಾರ್ಪಡುವುದರಿಂದ, ಟೊಮೆಟೊವನ್ನು ಒಲೆಗೇರಿಸುವ ಮೊದಲೇ ಚೆನ್ನಾಗಿ ತೊಳೆಯುವುದು ಲೇಸು.